ಎರಡು ವರ್ಷ ಮಾರಾಟವಾಗದ ನೇಗಿಲು: ಲಕ್ಷ್ಮಣರಾವ್ ಕಿರ್ಲೋಸ್ಕರ್ ಬದುಕಿನ ಕಥೆ

ನರಗುಂದ ತಾಲೂಕಿನ ಚಿಕ್ಕನರಗುಂದದ ಸುತ್ತಲಿನದು ಎರೆ ಭೂಮಿ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಕಾಲಿಗೆ ಹತ್ತಿದ್ದನ್ನು ಬಿಡದ ಕಪ್ಪು ಮಣ್ಣು. ಜೋಳ, ಹತ್ತಿ, ಗೋಧಿ, ಕಡಲೆ, ಕುಸುಬೆಗೆ ಹೇಳಿ ಮಾಡಿಸಿದ ಈ ನೆಲಕ್ಕೆ ಒಂದೇ ಶತ್ರು: ಕರಿಕೆ. ಒಮ್ಮೆ ಬೇರೂರಿತೆಂದರೆ ಅದು ಮೊಳಗಟ್ಟಲೆ ಆಳಕ್ಕಿಳಿದು, ಮೇಲೆ ಕಿತ್ತಷ್ಟೂ ಕೆಳಗಿನಿಂದ ಮತ್ತೆ ಚಿಗುರುತ್ತದೆ. ಹಿಂದಿನ ಕಾಲದಲ್ಲಿ ಕರಿಕೆ ಹೊಲವನ್ನು ಹಸನು ಮಾಡಬೇಕಾದರೆ ಮರದ ಭಾರೀ ನೇಗಿಲಿಗೆ ಎಂಟು ಹತ್ತು ಎತ್ತು ಹೂಡಬೇಕಾಗುತ್ತಿತ್ತು. ಒಬ್ಬನ ಮನೆಯಲ್ಲಿ ಅಷ್ಟು ಎತ್ತುಗಳಿರುವುದಿಲ್ಲ. ನೆರೆಯವರ ಎತ್ತು ಕೂಡಿಸಬೇಕು, ಅವರ ಹೊಲಕ್ಕೆ ಮುಯ್ಯಿ ಹೋಗಬೇಕು. ಅದೊಂದು ಸಣ್ಣ ದಂಡಯಾತ್ರೆಯೇ ಸರಿ.

ಟ್ರ್ಯಾಕ್ಟರ್ ಬರುವ ಮುನ್ನ ಈ ಕಷ್ಟವನ್ನು ತಗ್ಗಿಸಿದ್ದು ಕಬ್ಬಿಣದ ನೇಗಿಲು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ತಯಾರಕನ ಹೆಸರಿನಿಂದಲೇ ಕರೆಯುವ ರೂಢಿಯಿತ್ತು. ಕಿರ್ಲೋಸ್ಕರ್ ನೇಗಿಲು ಎಂದರೆ ಸಾಕು, ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಆದರೆ ಹೀಗೆ ಮನೆಮಾತಾದ ಈ ವಸ್ತುವಿನ ಮೊದಲ ಮಾರಾಟಕ್ಕೆ ಎರಡು ವರ್ಷ ಹಿಡಿಯಿತು ಎಂಬುದು ಅನೇಕರಿಗೆ ತಿಳಿಯದು.

ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕಚೇರಿಗಳಲ್ಲಿ ಸಾವಿರಾರು ಯುವಕ ಯುವತಿಯರು ಪರಿಚಯವಿಲ್ಲದವರಿಗೆ ಫೋನ್ ಮಾಡಿ ವಿಮೆ, ಸಾಲ, ನಿವೇಶನ ಮಾರುವ ಉದ್ಯೋಗದಲ್ಲಿದ್ದಾರೆ. ಬೇಡ ಎಂಬ ಮಾತನ್ನು ದಿನಕ್ಕೆ ಹತ್ತಾರು ಸಲ ಕೇಳಿ, ಸಂಜೆ ಮನೆಗೆ ಹೋಗಿ, ಮರುದಿನ ಅದೇ ದನಿಯಲ್ಲಿ ನಮಸ್ಕಾರ ಹೇಳುವುದು ಸುಲಭದ ಕೆಲಸವಲ್ಲ. ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆಂದು ಅವರಿಗೆ ತರಬೇತಿ ಕೊಡಲಾಗುತ್ತದೆ, ಪುಸ್ತಕಗಳನ್ನು ಓದಿಸಲಾಗುತ್ತದೆ. ಆ ಪುಸ್ತಕಗಳ ಉದಾಹರಣೆಗಳೆಲ್ಲ ಬಹುಮಟ್ಟಿಗೆ ಅಮೆರಿಕದವು. ಬೆಳಗಾವಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ನೇಗಿಲಿನ ಕಥೆ ಅವುಗಳಲ್ಲಿ ಇರುವುದಿಲ್ಲ.

ಲಕ್ಷ್ಮಣ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ನರಗುಂದದ ಕಡೆಯವರಿಗೆ ಇದು ದೂರದ ಊರಲ್ಲ. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯಿಂದಲೇ ಮಲಪ್ರಭೆಯ ಕಾಲುವೆ ನೀರು ನರಗುಂದದ ಎರೆಗೆ ಬಂದದ್ದು, ಅದು ಬಹಳ ಕಾಲದ ನಂತರದ ಮಾತು. ಮನೆತನದ ಹೆಸರು ಕೊಂಕಣದ ಕಿರ್ಲೋಶಿ ಎಂಬ ಊರಿನಿಂದ ಬಂದದ್ದು. ಮನೆಮಾತು ಮರಾಠಿ, ಊರ ಮಾತು ಕನ್ನಡ. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಮರಾಠಿ ಸಂಗೀತ ನಾಟಕದ ಜನಕನೆನಿಸಿದ, 1880ರಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಗುರ್ಲಹೊಸೂರಿನವರು, ಇದೇ ಬಳಗದವರು. ಒಂದು ಸಣ್ಣ ಊರು ಒಂದೇ ಶತಮಾನದಲ್ಲಿ ನಾಟಕವನ್ನೂ ನೇಗಿಲನ್ನೂ ಕೊಟ್ಟಿತು.

ಶಾಲೆಯ ಪಾಠ ಲಕ್ಷ್ಮಣನಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಎರಡೇ: ಚಿತ್ರ ಮತ್ತು ಯಂತ್ರ. ತಂದೆಗೆ ಒಪ್ಪಿಗೆಯಿರಲಿಲ್ಲವಾದರೂ ಹಿರಿಯಣ್ಣ ರಾಮುಅಣ್ಣನ ಹಣದ ನೆರವಿನಿಂದ 1885ರಲ್ಲಿ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದ. ಚಿತ್ರಕಾರನಾಗಬೇಕೆಂದು ಹೊರಟವನಿಗೆ ಎರಡು ವರ್ಷಗಳ ಬಳಿಕ ಒಂದು ಸತ್ಯ ಗೊತ್ತಾಯಿತು. ಅವನ ಕಣ್ಣಿಗೆ ಭಾಗಶಃ ವರ್ಣಾಂಧತೆಯಿತ್ತು, ಕೆಲವು ಬಣ್ಣಗಳ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹದಿನೆಂಟರ ಹುಡುಗನಿಗೆ ಇದೇನು ಸಣ್ಣ ಆಘಾತವೇ? ತಂದೆಯ ಮಾತು ಮೀರಿ, ಅಣ್ಣನ ದುಡ್ಡಿನಲ್ಲಿ ಬಂದವನು ಯಾವ ಮುಖ ಹೊತ್ತು ಊರಿಗೆ ಮರಳಬೇಕು? ಬಣ್ಣ ಬೇಕಿಲ್ಲದ ಒಂದು ಚಿತ್ರಕಲೆ ಇತ್ತು. ಅದೇ ಯಂತ್ರಗಳ ರೇಖಾಚಿತ್ರ. ಲಕ್ಷ್ಮಣರಾವ್ ಅದನ್ನು ಹಿಡಿದರು. ಅದರ ಬಲದಿಂದಲೇ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾದರು. ಪಾಠ ಹೇಳುವುದರ ಜೊತೆಗೆ ಅಲ್ಲಿನ ಕಾರ್ಯಾಗಾರದಲ್ಲಿ ಕೈ ಕೊಳೆ ಮಾಡಿಕೊಂಡು ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತರು.

ಅವರ ವ್ಯಾಪಾರ ಶುರುವಾದದ್ದು ಸೈಕಲ್ಲಿನಿಂದ. ಮುಂಬಯಿಯ ಬೀದಿಯಲ್ಲಿ ಕಂಡ ಈ ಹೊಸ ವಾಹನ ಅವರನ್ನು ಸೆಳೆಯಿತು. ಸೈಕಲ್ಲುಗಳನ್ನು ಮುಂಬಯಿಯಲ್ಲಿ ಕೊಂಡು ಬೆಳಗಾವಿಗೆ ಕಳುಹಿಸುವುದು, ಅಲ್ಲಿ ರಾಮುಅಣ್ಣ ಮಾರುವುದು ಎಂಬ ಏರ್ಪಾಟಾಯಿತು. 1888ರಲ್ಲಿ ಹೀಗೆ ಹುಟ್ಟಿದ್ದೇ ಕಿರ್ಲೋಸ್ಕರ್ ಬ್ರದರ್ಸ್. ಒಂದು ಸೈಕಲ್ಲಿನ ಬೆಲೆ ಏಳು ನೂರರಿಂದ ಸಾವಿರ ರೂಪಾಯಿಯವರೆಗೆ ಇತ್ತೆಂದು ದಾಖಲಾಗಿದೆ. ಆ ಕಾಲಕ್ಕೆ ಇದು ದೊಡ್ಡ ಮೊತ್ತ. ಕೊಳ್ಳುವ ಶಕ್ತಿಯಿದ್ದವರು ವಕೀಲರು, ಅಧಿಕಾರಿಗಳು, ಇನಾಂದಾರರು. ಅವರಿಗೆ ಹಣದ ಚಿಂತೆಯಿರಲಿಲ್ಲ. ಇದ್ದದ್ದು ಬೀಳುವ ಭಯ, ಅದಕ್ಕಿಂತ ಹೆಚ್ಚಾಗಿ ನಾಲ್ಕು ಜನರ ಎದುರು ಬೀಳುವ ಭಯ. ರಾಮುಅಣ್ಣ ಹದಿನೈದು ರೂಪಾಯಿ ಶುಲ್ಕ ಪಡೆದು ಸವಾರಿ ಕಲಿಸುತ್ತಿದ್ದರು. ಗಿರಾಕಿಯ ಅಂಜಿಕೆಯೇನೆಂದು ಮೊದಲು ಅರಿತು ಅದನ್ನು ಕಳೆಯುವ ಕೆಲಸವನ್ನೂ ವ್ಯಾಪಾರದ ಭಾಗವಾಗಿಸಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಅಣ್ಣ ತಮ್ಮಂದಿರ ಆ ಅಂಗಡಿಯ ನೆನಪಿಗೆ ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆಯಿದೆ.

ಮುಂಬಯಿಯ ನೌಕರಿ ಮುಗಿದದ್ದು ಅವಮಾನದಲ್ಲಿ. ಬಡ್ತಿಯ ಸರದಿ ಲಕ್ಷ್ಮಣರಾವ್ ಅವರದ್ದಾಗಿತ್ತು. ಆ ಹುದ್ದೆ ಆಂಗ್ಲೋ ಇಂಡಿಯನ್ ಒಬ್ಬನಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಇನ್ನು ಯಾರ ಕೈಕೆಳಗೂ ದುಡಿಯಬಾರದೆಂಬ ನಿಶ್ಚಯ ಆಗ ಬಂದದ್ದೇ ಇರಬೇಕು, ಮುಂದೆ ಅವರು ಮತ್ತೆ ಆ ದಾರಿ ಹಿಡಿಯಲಿಲ್ಲ.

ಬೆಳಗಾವಿಯಲ್ಲಿ ಸಣ್ಣದೊಂದು ಕಾರ್ಖಾನೆ ತೆರೆದು ಅವರು ಮೊದಲು ಕೈಗೆತ್ತಿಕೊಂಡದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನ ಅರ್ಧ ತಿಂದು ಅರ್ಧ ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಏನೂ ಉಳಿಯದು. ಯಂತ್ರದ ಲಾಭ ಅದೇ ದಿನ ಸಂಜೆ ಕಣ್ಣಿಗೆ ಬೀಳುತ್ತದೆ. ಇಂಥ ವಸ್ತು ಮಾರುವುದು ಕಷ್ಟವಾದರೂ ಅಸಾಧ್ಯವಲ್ಲ.

ನೇಗಿಲಿನ ವಿಷಯ ಬೇರೆ. 1903ರಲ್ಲಿ ಲಕ್ಷ್ಮಣರಾವ್ ಕಬ್ಬಿಣದ ನೇಗಿಲು ತಯಾರಿಸಿದರು. ಅದೇ ವರ್ಷದ ಮೇ 28ರಂದು ಅವರ ಮಗ ಶಾಂತನುರಾವ್ ಹುಟ್ಟಿದ. ಮಗುವಿಗೆ ಮಾತು ಬರುವ ಹೊತ್ತಿಗೂ ನೇಗಿಲಿಗೆ ಗಿರಾಕಿ ಬಂದಿರಲಿಲ್ಲವೆಂದರೆ ಮನೆಯ ಪರಿಸ್ಥಿತಿ ಊಹಿಸಬಹುದು. ಪತ್ನಿ ರಾಧಾಬಾಯಿ ಆ ಎರಡು ವರ್ಷ ಮನೆ ಹೇಗೆ ನಡೆಸಿದರೋ, ಗಂಡಂದಿರ ಚರಿತ್ರೆ ಬರೆಯುವವರು ಇಂಥ ಲೆಕ್ಕಗಳನ್ನು ಬರೆಯುವುದು ಕಡಿಮೆ.

ರೈತರು ಯಾಕೆ ಕೊಳ್ಳಲಿಲ್ಲ? ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ, ಫಲವತ್ತತೆ ಹೋಗುತ್ತದೆ ಎಂದು ಅವರು ನಂಬಿದ್ದರು ಎಂಬುದು ಎಲ್ಲ ಕಡೆ ಸಿಗುವ ಉತ್ತರ. ಮೂಢನಂಬಿಕೆ ಎಂಬ ಒಂದು ಪದದಲ್ಲಿ ಕಥೆ ಮುಗಿಸಿಬಿಡುವವರೇ ಹೆಚ್ಚು. ಈ ಲೇಖಕನಿಗೆ ಅದು ಅರ್ಧಸತ್ಯವೆಂದು ತೋರುತ್ತದೆ. ಸೀಗೀ ಹುಣ್ಣಿಮೆಯಂದು ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುವ ಜನ ಆಕೆಯ ಒಡಲಿಗೆ ಏನು ಇಳಿಸಬೇಕು ಎಂಬುದರಲ್ಲಿ ಎಚ್ಚರ ವಹಿಸಿದರೆ ಆಶ್ಚರ್ಯವಿಲ್ಲ. ಆದರೆ ಮರದ ನೇಗಿಲಿಗೂ ಕಬ್ಬಿಣದ ಕುಳ ಇದ್ದೇ ಇತ್ತು. ಕಬ್ಬಿಣವನ್ನು ಅವರು ಕಾಣದವರಲ್ಲ. ಅವರ ಹಿಂಜರಿಕೆಯ ಒಳಗೆ ಇನ್ನಷ್ಟು ಲೆಕ್ಕಗಳಿದ್ದವು.

ಮರದ ನೇಗಿಲು ಮುರಿದರೆ ಊರ ಬಡಿಗ ರಿಪೇರಿ ಮಾಡುತ್ತಿದ್ದ. ಕುಳ ಸವೆದರೆ ಕಮ್ಮಾರ ಬಡಿದು ಕೊಡುತ್ತಿದ್ದ. ಇಬ್ಬರಿಗೂ ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆದರೆ ಆಯಿತು, ಕೈಯಿಂದ ರೊಕ್ಕ ಬಿಚ್ಚುವ ಪ್ರಮೇಯವಿರಲಿಲ್ಲ. ಕಬ್ಬಿಣದ ನೇಗಿಲಿಗೆ ನಗದು ಬೇಕು. ಅದು ಉಳುಮೆಯ ನಡುವೆ ಮುರಿದರೆ ಬಡಿಗನಿಂದ ಆಗುವುದಿಲ್ಲ, ಎರಕದ ಕಬ್ಬಿಣವನ್ನು ಊರ ಕಮ್ಮಾರನೂ ಬಡಿದು ಕೂಡಿಸಲಾರ, ಬೆಳಗಾವಿಗೇ ಹೋಗಬೇಕು. ಅಲ್ಲಿಯವರೆಗೆ ಹದ ಕಾಯುತ್ತದೆಯೇ? ಇನ್ನೊಂದು ಭಯ ಮಣ್ಣಿನದು. ಮರದ ನೇಗಿಲು ನೆಲವನ್ನು ಸೀಳುತ್ತದೆ. ಕಬ್ಬಿಣದ ನೇಗಿಲು ತನ್ನ ಬಾಗಿದ ರೆಕ್ಕೆಯಿಂದ ಮಣ್ಣನ್ನು ಹೋಳಾಗಿ ಎತ್ತಿ ಮಗುಚಿ ಹಾಕುತ್ತದೆ. ಕಸದ ಬೇರು ಮೇಲೆ ಬಂದು ಬಿಸಿಲಿಗೆ ಒಣಗುವುದು ಇದರಿಂದಲೇ. ಆದರೆ ಎರೆಯನ್ನು ಹೀಗೆ ಮಗುಚಿದಾಗ ಏಳುವ ಹೆಂಟೆಗಳು ಕಲ್ಲಿನಂತಾಗುತ್ತವೆ. ಮುಂದಿನ ಮಳೆ ಅವುಗಳನ್ನು ಕರಗಿಸಿದರೆ ಸರಿ, ಮಳೆ ಕೈಕೊಟ್ಟರೆ ಆ ವರ್ಷದ ಬಿತ್ತನೆಯೇ ಹೋಯಿತು. 1899 ಮತ್ತು 1900ರ ಭೀಕರ ಬರವನ್ನು ಕಂಡು ಮೂರೇ ವರ್ಷವಾಗಿದ್ದ ರೈತನೊಬ್ಬ ಅಪರಿಚಿತನ ಮಾತು ನಂಬಿ ತನ್ನ ಹೊಲವನ್ನು ಪಣಕ್ಕಿಡಲು ಒಪ್ಪಲಿಲ್ಲವೆಂದರೆ ಅದನ್ನು ವಿವೇಕವೆನ್ನಬೇಕೇ ಹೊರತು ಮೌಢ್ಯವೆನ್ನಲಾಗದು.

ಎರಡು ವರ್ಷ ಎಂಬ ಅವಧಿಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಹಿಂಗಾರಿ ರಾಶಿ ಮುಗಿದ ಮೇಲೆ ಮುಂಗಾರು ಮಳೆ ಬೀಳುವವರೆಗಿನ ಕೆಲವು ತಿಂಗಳಲ್ಲಿ ಮಾತ್ರ ಎರೆಯ ರೈತ ಆಳವಾದ ಉಳುಮೆಯ ಬಗ್ಗೆ ಯೋಚಿಸುತ್ತಾನೆ. ಆ ಹೊತ್ತು ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಅಂದರೆ ನೇಗಿಲು ಮಾರುವವನಿಗೆ ಎರಡು ವರ್ಷದಲ್ಲಿ ಸಿಕ್ಕಿದ್ದು ಎರಡೇ ಹಂಗಾಮು. ಇಂದಿನ ಫೋನ್ ಮಾರಾಟಗಾರ ಬೆಳಗಿನ ಹತ್ತು ಕರೆಗಳಲ್ಲಿ ಸೋತರೆ ಮಧ್ಯಾಹ್ನ ಮಾತಿನ ಧಾಟಿ ಬದಲಿಸಿ ನೋಡಬಹುದು. ಲಕ್ಷ್ಮಣರಾವ್ ಅವರಿಗೆ ಆ ಅನುಕೂಲವಿರಲಿಲ್ಲ. ಒಂದು ಬೇಡ ಎಂಬ ಉತ್ತರಕ್ಕೂ ಮುಂದಿನ ಪ್ರಯತ್ನಕ್ಕೂ ನಡುವೆ ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಹಾಯುತ್ತಿತ್ತು. ಅಷ್ಟು ಕಾಲ ತಯಾರಾದ ಮಾಲು ಕಣ್ಣೆದುರಿಗೇ ಬಿದ್ದಿರುತ್ತದೆ, ಕೆಲಸಗಾರರ ಕೂಲಿ ಬಾಕಿಯಿರುತ್ತದೆ. ಮೇವು ಕತ್ತರಿಸುವ ಯಂತ್ರ ಅಷ್ಟಿಷ್ಟು ಸಂಪಾದಿಸುತ್ತಿದ್ದುದರಿಂದ ಕುಲುಮೆ ಆರಲಿಲ್ಲ. ಅದಿಲ್ಲದಿದ್ದರೆ ಎಷ್ಟೇ ದೃಢಮನಸ್ಸಿದ್ದರೂ ಎರಡನೆಯ ಹಂಗಾಮು ಕಾಣುವುದು ಅನುಮಾನವಿತ್ತು. ಛಲದ ಕಥೆ ಹೇಳುವಾಗ ಈ ಅಂಶವನ್ನು ಬಿಡುವುದು ಪ್ರಾಮಾಣಿಕತೆಯಲ್ಲ.

ನೇಗಿಲನ್ನು ಮಾತಿನಿಂದ ಮಾರಲಾಗುವುದಿಲ್ಲ. ಹೊಲದಲ್ಲಿ ಎತ್ತು ಹೂಡಿ ಉತ್ತು ತೋರಿಸಬೇಕು. ಹಾಗೆ ತೋರಿಸಿದರೂ ನೋಡಿದವನು ತಲೆಯಾಡಿಸಿ ಮನೆಗೆ ಹೋಗುತ್ತಾನೆ, ಏಕೆಂದರೆ ನಿಜವಾದ ಪರೀಕ್ಷೆ ಮುಂದಿನ ಬೆಳೆಯದು. ಒಬ್ಬ ಕೊಂಡು, ಅವನ ಹೊಲದಲ್ಲಿ ಕರಿಕೆ ಹೋಗಿ, ತೆನೆ ತುಂಬಿ ನಿಂತದ್ದನ್ನು ಬದುವಿನ ಆಚೆಯವನು ಕಂಡಾಗ ಎರಡನೆಯ ನೇಗಿಲು ತಾನಾಗಿ ಮಾರಾಟವಾಗುತ್ತದೆ. ಮೊದಲನೆಯವನು ಸಿಗುವವರೆಗೆ ಕಾಯುವುದೇ ಕಷ್ಟ. ಎರಡು ವರ್ಷಗಳ ನಂತರ ಆ ಮೊದಲನೆಯವನು ಸಿಕ್ಕಿದ. ಅಲ್ಲಿಂದ ಮುಂದೆ ನೇಗಿಲು ನಿಧಾನವಾಗಿ, ಊರಿನಿಂದ ಊರಿಗೆ ನಡೆಯತೊಡಗಿತು. 1905ರ ಸ್ವದೇಶಿ ಚಳವಳಿಯ ಗಾಳಿಯೂ ಅನುಕೂಲವಾಗಿಯೇ ಬೀಸಿತು. ಆದರೆ ದೇಶಾಭಿಮಾನಕ್ಕಾಗಿ ಬಟ್ಟೆ ಕೊಂಡವರಿರಬಹುದು, ನೇಗಿಲು ಕೊಂಡವರು ವಿರಳ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಲಕ್ಷ್ಮಣರಾವ್ ಹುಟ್ಟಿದ 1869ರಲ್ಲಿಯೇ ಹಾವೇರಿ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬರು ಕನ್ನಡ ಕಾದಂಬರಿಕಾರ ಗಳಗನಾಥರು. ತಾವೇ ಬರೆದ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಓದುಗರ ಮನೆಬಾಗಿಲಿಗೆ ಮುಟ್ಟಿಸಿದವರು. ಕನ್ನಡ ಓದುವವರೇ ಇಲ್ಲ ಎನ್ನುತ್ತಿದ್ದ ಕಾಲವದು. ಒಬ್ಬರು ಬೇಡದ ಕಬ್ಬಿಣವನ್ನೂ ಇನ್ನೊಬ್ಬರು ಬೇಡದ ಕಾಗದವನ್ನೂ ಹೊತ್ತು ಇದೇ ಮುಂಬಯಿ ಕರ್ನಾಟಕದಲ್ಲಿ ಗಿರಾಕಿಗಳನ್ನು ಅರಸಿದವರು. ಇಬ್ಬರೂ ಮೊದಲು ಶಿಕ್ಷಕರಾಗಿದ್ದವರೆಂಬುದು ಕಾಕತಾಳೀಯವಿರಲಿಕ್ಕಿಲ್ಲ. ಒಂದೇ ಪಾಠವನ್ನು ಬೇಸರವಿಲ್ಲದೆ ನೂರು ಸಲ ಹೇಳುವ ಅಭ್ಯಾಸ ಆ ವೃತ್ತಿಯವರಿಗೆ ಇರುತ್ತದೆ.

ನೇಗಿಲಿಗೆ ಗಿರಾಕಿ ಸಿಕ್ಕಿ, ಕಾರ್ಖಾನೆ ಕಾಲೂರುತ್ತಿದೆ ಎನ್ನುವಾಗ ನೆಲವೇ ಕುಸಿಯಿತು. ಬೆಳಗಾವಿ ನಗರಸಭೆ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ತೆರವು ಮಾಡಬೇಕೆಂದು ಸೂಚಿಸಿತು. ನಲವತ್ತರ ವಯಸ್ಸಿನಲ್ಲಿ ಯಂತ್ರಗಳನ್ನು ಬಿಚ್ಚಿಕೊಂಡು ಎಲ್ಲಿಗೆ ಹೋಗುವುದು? ಆಗ ಕೈಹಿಡಿದವರು ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. 1909ರಲ್ಲಿ ಗಾದಿಗೆ ಬಂದ ಈ ದೊರೆ ಸ್ವತಃ ಚಿತ್ರಕಾರರು, ಲಕ್ಷ್ಮಣರಾವ್ ಅವರನ್ನು ಮೊದಲೇ ಬಲ್ಲವರು. ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಭೂಮಿಯೆಂದರೆ ಹೆಸರಿಗಷ್ಟೇ. ತುಂಬ ಪಾಪಾಸುಕಳ್ಳಿ, ಅದರ ಬುಡದಲ್ಲಿ ಹಾವು. 1910ರಲ್ಲಿ ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಕುಟುಂಬಗಳನ್ನು ಕರೆದುಕೊಂಡು ಲಕ್ಷ್ಮಣರಾವ್ ಅಲ್ಲಿ ಇಳಿದರು. ಅದೇ ಕಿರ್ಲೋಸ್ಕರವಾಡಿಯಾಯಿತು, ದೇಶದ ಆರಂಭಿಕ ಕೈಗಾರಿಕಾ ವಸಾಹತುಗಳಲ್ಲಿ ಒಂದು. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಅಲ್ಲಿ ಅವರು ಕೂಡಿಸಿದ ಜನರನ್ನು ನೋಡಿದರೆ ಬೇಡವೆನಿಸಿಕೊಂಡವನೊಬ್ಬ ಬೇಡವೆನಿಸಿಕೊಂಡವರನ್ನೇ ಹುಡುಕಿದಂತಿದೆ. ಓದಿನಲ್ಲಿ ಅನುತ್ತೀರ್ಣರಾದ ಅನಂತರಾವ್ ಫಳಣೀಕರ್ ಅಲ್ಲಿ ಒಳ್ಳೆಯ ಎಂಜಿನಿಯರ್ ಎನಿಸಿದರು. ಮಂಗೇಶರಾವ್ ರೇಗೆ ಲೆಕ್ಕಪತ್ರ ನೋಡಿಕೊಂಡರು. ಶಂಭುರಾವ್ ಜಾಂಭೇಕರ್ ಯಂತ್ರಗಳ ಹೊಣೆ ಹೊತ್ತರು. ಹಳೆಯ ಜೊತೆಗಾರ ರಾಮುಅಣ್ಣ ವಸಾಹತಿನ ಆಡಳಿತ ನೋಡಿಕೊಂಡರು. ರಾತ್ರಿ ಕಾವಲಿಗೆ ನೇಮಿಸಿದ್ದು ದರೋಡೆ ಪ್ರಕರಣಗಳಲ್ಲಿ ಶಿಕ್ಷೆ ಅನುಭವಿಸಿ ಬಂದವರನ್ನು. ಅವರ ಮೇಲೆ ಇಟ್ಟ ನಂಬಿಕೆ ಹುಸಿಯಾಗಲಿಲ್ಲ. ಅಸ್ಪೃಶ್ಯತೆಯ ಆಚರಣೆಗೆ ಆ ವಸಾಹತಿನಲ್ಲಿ ಲಕ್ಷ್ಮಣರಾವ್ ಅವಕಾಶ ಕೊಡಲಿಲ್ಲ. ಆ ಕಾಲದಲ್ಲಿ, ಆ ಪ್ರದೇಶದಲ್ಲಿ ಇದು ನೇಗಿಲು ಮಾರುವುದಕ್ಕಿಂತ ಹೆಚ್ಚಿನ ಧೈರ್ಯ ಬೇಡುವ ಕೆಲಸ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ವಿದೇಶಿ ಮಾಲು ಬರುವುದು ಕಡಿಮೆಯಾಗಿ ಸ್ವದೇಶಿ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದವು. ಗಿರಾಕಿಯಿಲ್ಲದ ಮಾಲಿನಿಂದ ಆರಂಭವಾದ ಕಾರ್ಖಾನೆ ಈಗ ಮಾಲಿಲ್ಲದ ಗಿರಾಕಿಯ ಸಂಕಟ ಕಂಡಿತು. ಅದನ್ನೂ ದಾಟಿ 1920ರ ಜನವರಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ನಿಯಮಿತ ಕಂಪನಿಯಾಗಿ ನೋಂದಣಿಯಾಯಿತು.

ಅದೇ ವರ್ಷ ಹುಟ್ಟಿದ ಕಿರ್ಲೋಸ್ಕರ್ ಖಬರ್ ಎಂಬ ಪತ್ರಿಕೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಕ್ಷ್ಮಣರಾವ್ ಅವರ ಅಣ್ಣನ ಮಗ ಶಂಕರರಾವ್ ಚಿತ್ರಕಲೆ ಕಲಿತವರು, ಕಂಪನಿಯ ಜಾಹೀರಾತು ಮತ್ತು ಪ್ರಚಾರದ ಹೊಣೆ ಅವರದು. ಕಾರ್ಖಾನೆಗೂ ದೂರದೂರದ ಗಿರಾಕಿ ಮತ್ತು ಏಜೆಂಟರಿಗೂ ನಡುವೆ ಸುದ್ದಿ ಸಾಗಿಸಲು ಅವರು ಹೊರಡಿಸಿದ ಸಣ್ಣ ಪತ್ರಿಕೆಯೇ ಖಬರ್. ನೇಗಿಲು ಕೊಂಡವನನ್ನು ಮರೆಯದಿರುವುದು, ಮುಂದಿನ ವರ್ಷ ಅವನ ಬಾಗಿಲಿಗೆ ಹೋಗುವಾಗ ಅಪರಿಚಿತರಾಗಿ ಹೋಗದಿರುವುದು ಇದರ ಫಲ. ಇಂದಿನ ಮಾರುಕಟ್ಟೆ ಪಂಡಿತರು ಇದಕ್ಕೆ ದೊಡ್ಡ ಹೆಸರು ಕೊಡಬಹುದು. ಆಗ ಅದು ಪತ್ರ ಬರೆದು ಕ್ಷೇಮ ವಿಚಾರಿಸುವಷ್ಟು ಸರಳವಾಗಿತ್ತು. ಪತ್ರಿಕೆ ಬೆಳೆದು ಕಿರ್ಲೋಸ್ಕರ್ ಎಂಬ ಹೆಸರಿನ ಪ್ರಮುಖ ಮರಾಠಿ ಮಾಸಿಕವಾಯಿತು. 1930ರಲ್ಲಿ ಸ್ತ್ರೀ, 1934ರಲ್ಲಿ ಮನೋಹರ್ ಎಂಬ ಪತ್ರಿಕೆಗಳು ಅದೇ ಮನೆಯಿಂದ ಬಂದವು. ನೇಗಿಲು ಮಾರಲು ಹುಟ್ಟಿದ ಕಾಗದ ಒಂದು ಭಾಷೆಯ ಮಧ್ಯಮವರ್ಗದ ವಿಚಾರವನ್ನೇ ರೂಪಿಸುವ ಮಟ್ಟಕ್ಕೆ ಹೋದದ್ದು ವಿಚಿತ್ರವಾದರೂ ನಿಜ. ಕನ್ನಡದಲ್ಲಿ ಇಂಥದ್ದು ನಡೆಯಲಿಲ್ಲವಲ್ಲ ಎಂದು ಬೆಳಗಾವಿ ಕಡೆಯವರಿಗೆ ಒಂದು ಸಣ್ಣ ಅಸೂಯೆ ಇದ್ದರೆ ತಪ್ಪಲ್ಲ.

ಮುಂದಿನದು ಬೆಳವಣಿಗೆಯ ಕಥೆ, ಅದನ್ನು ಬೇಗ ಹೇಳಿ ಮುಗಿಸಬಹುದು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಸಾಲಾಗಿ ಬಂದವು. ಶಾಂತನುರಾವ್ ಅಮೆರಿಕದ ಎಂಐಟಿಯಲ್ಲಿ ಕಲಿತು 1926ರಲ್ಲಿ ಮರಳಿದರು. ಮನೆತನ ಕನ್ನಡ ನಾಡಿಗೆ ಮತ್ತೆ ಬಂದದ್ದು 1941ರಲ್ಲಿ. ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಎರಡು ಮೂರು ತಲೆಮಾರಿನ ಕುಟುಂಬಗಳಿಗೆ ಅನ್ನ ಕೊಟ್ಟ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿದ ನೋವು ಹರಿಹರದವರಿಗೆ ಇಂದಿಗೂ ಇದೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಸ್ಥಾಪನೆಗೊಂಡವು.

ಲಕ್ಷ್ಮಣರಾವ್ ಅವರಿಗೆ ಕೊನೆಯ ಪೆಟ್ಟು ಬಿದ್ದದ್ದು ಮುಪ್ಪಿನಲ್ಲಿ. 1948ರ ಜನವರಿ 30ರಂದು ಗಾಂಧೀಜಿಯ ಹತ್ಯೆಯಾಯಿತು. ಹಂತಕ ಮಹಾರಾಷ್ಟ್ರದ ಬ್ರಾಹ್ಮಣನೆಂಬ ಕಾರಣಕ್ಕೆ ಆ ಭಾಗದಲ್ಲೆಲ್ಲ ಬ್ರಾಹ್ಮಣರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಉದ್ರಿಕ್ತ ಗುಂಪೊಂದು ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಹಚ್ಚಿತು. ಕಳ್ಳಿ ಕಡಿದು, ಹಾವು ಹೊಡೆದು ಕಟ್ಟಿದ್ದು ಸುಟ್ಟು ಬೂದಿಯಾದಾಗ ಅವರಿಗೆ ಎಪ್ಪತ್ತೆಂಟು ವರ್ಷ. ಜಾತಿಭೇದವನ್ನು ಊರೊಳಗೆ ಬಿಟ್ಟುಕೊಳ್ಳದವನಿಗೆ ಜಾತಿಯ ಹೆಸರಿನಲ್ಲೇ ಬಂದ ಬೆಂಕಿಯದು. ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು, ಮತ್ತೆ ಪಂಪುಗಳು, ನೇಗಿಲುಗಳು ಹೊರಬಂದವು.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು. ಅದಾಗಿ ಐದು ವಾರಕ್ಕೆ, ನವೆಂಬರ್ 1ರಂದು, ಅವರು ಹುಟ್ಟಿದ ಗುರ್ಲಹೊಸೂರು, ಮೊದಲ ಅಂಗಡಿ ಇಟ್ಟ ಬೆಳಗಾವಿ, ಅವರ ನೇಗಿಲು ಉತ್ತ ಧಾರವಾಡ ಜಿಲ್ಲೆಯ ಎರೆ ಹೊಲಗಳೆಲ್ಲ ಮುಂಬಯಿಯಿಂದ ಬೇರೆಯಾಗಿ ಹೊಸ ಮೈಸೂರು ರಾಜ್ಯಕ್ಕೆ ಸೇರಿದವು. 1969ರ ಜೂನ್ 20ರಂದು, ಅವರ ಜನ್ಮಶತಾಬ್ದಿಯ ದಿನ, ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ನರಗುಂದದ ಕಡೆ ಈಗ ಕರಿಕೆ ತೆಗೆಯಲು ಟ್ರ್ಯಾಕ್ಟರ್ ಬರುತ್ತದೆ. ಅದರ ಹಿಂದೆ ಕಟ್ಟಿರುವ ನೇಗಿಲಿನ ಬಾಗಿದ ರೆಕ್ಕೆ ಮಾತ್ರ ಮಣ್ಣನ್ನು ಮಗುಚುವುದು 1903ರಲ್ಲಿ ಮಗುಚಿದ ರೀತಿಯಲ್ಲಿಯೇ.